ಸಿಹಿನೀರಿನ ಟ್ಯಾಂಕನ್ನೇ ಉಪ್ಪುನೀರಿಗೆ ಬದಲಾಯಿಸಬಹುದಾ? ಆ ಸೀಗಡಿ ಮನಸ್ಸಿನಿಂದ ಹೋಗುತ್ತಿಲ್ಲ

ಗಾಜಿನಕೊಳ

ಎಲ್ಲರಿಗೂ ನಮಸ್ಕಾರ. ಆರು ವರ್ಷದಿಂದ ಒಂದೇ ಟ್ಯಾಂಕ್ ಸಾಕಿಕೊಂಡು ಬಂದಿದ್ದೇನೆ. 120 ಸೆಂ.ಮೀ. ಉದ್ದ, 40 ಅಗಲ, 45 ಎತ್ತರ. ಜಲ್ಲಿ, ಮರದ ಜಾಗ ಕಳೆದರೆ 180 ಲೀಟರ್ ನೀರು ಹಿಡಿಯುತ್ತದೆ. ಕಪ್ಪು ಜಲ್ಲಿ, ಎರಡು ಡ್ರಿಫ್ಟ್‌ವುಡ್, ಅದಕ್ಕೆ ಅಂಟಿಕೊಂಡ ಅನುಬಿಯಾಸ್ ಮತ್ತು ಜಾವಾ ಫರ್ನ್ ಗಿಡಗಳು. ಕ್ಯಾನಿಸ್ಟರ್ ಫಿಲ್ಟರ್ (ಟ್ಯಾಂಕಿನ ಹೊರಗಿಡುವ, ಒಳಗೆ ಸ್ಪಂಜಿರುವ ಡಬ್ಬಿ), 200 ವ್ಯಾಟ್ ಹೀಟರ್, ಎಲ್‌ಇಡಿ ದೀಪ. ಈಗ ಒಳಗಿರುವುದು ಒಂದು ವಯಸ್ಸಾದ ಏಂಜಲ್ ಮೀನು, ತಳದಲ್ಲಿ ಓಡಾಡುವ ನಾಲ್ಕು ಕೋರಿಡೋರಾಸ್ ಮೀನು ಅಷ್ಟೇ.

ಕಳೆದ ತಿಂಗಳು ಸ್ನೇಹಿತರೊಬ್ಬರ ಉಪ್ಪುನೀರಿನ ಟ್ಯಾಂಕ್ ನೋಡಿದೆ. "ಕೈ ತೊಳೆದುಕೊಂಡು ಒಳಗೆ ಇಡಿ, ಅಲ್ಲಾಡಿಸಬೇಡಿ" ಅಂದರು. ಇಟ್ಟೆ. ಬಂಡೆಯ ಸಂದಿಯಿಂದ ಒಂದು ಸೀಗಡಿ ಹೊರಗೆ ಬಂತು. ಬೆನ್ನ ಮೇಲೆ ಕೆಂಪು ಪಟ್ಟಿ, ಅದರ ನಟ್ಟನಡುವೆ ಒಂದು ಬಿಳಿ ಗೆರೆ, ಉದ್ದುದ್ದ ಬಿಳಿ ಮೀಸೆ. ಮೊದಲು ಮೀಸೆಯಿಂದ ಬೆರಳನ್ನು ಮುಟ್ಟಿ ನೋಡಿತು. ಆಮೇಲೆ ಬೆರಳ ಮೇಲೆ ಹತ್ತಿ ಕೂತು, ಪುಟ್ಟ ಚಿಮಟದಂಥ ಕಾಲುಗಳಿಂದ ಉಗುರಿನ ಸಂದಿಯನ್ನು ಕೆದಕತೊಡಗಿತು. ಸಣ್ಣಗೆ ಕಚಗುಳಿ ಇಟ್ಟ ಹಾಗೆ. ಐದು ನಿಮಿಷ ಕೈ ತೆಗೆಯಲೇ ಇಲ್ಲ. ಅವತ್ತಿನಿಂದ ನನಗೆ ಬೇರೆ ಯೋಚನೆಯೇ ಇಲ್ಲ.

ಅಂದುಕೊಂಡಿರುವುದು ಹೀಗೆ. ವಾರವಾರ ನೀರು ಬದಲಿಸುವಾಗ ಸ್ವಲ್ಪ ಸ್ವಲ್ಪ ಉಪ್ಪು ಸೇರಿಸುತ್ತಾ ಹೋದರೆ ಎರಡು ಮೂರು ತಿಂಗಳಲ್ಲಿ ಕಡಲಿನ ಮಟ್ಟಕ್ಕೆ ಬರುತ್ತದೆ. ಫಿಲ್ಟರಿನ ಬ್ಯಾಕ್ಟೀರಿಯಾ ಹಾಗೇ ಉಳಿಯುತ್ತದೆ ಅಲ್ವಾ? ಏಂಜಲ್ ಕೂಡ ನಿಧಾನಕ್ಕೆ ಒಗ್ಗಿಕೊಳ್ಳಬಹುದಾ? ಜಲ್ಲಿ ತೆಗೆಯಲೇಬೇಕಾ? ಮನೆಯಲ್ಲಿ ಎರಡು ಕೆಜಿ ಅಕ್ವೇರಿಯಂ ಉಪ್ಪು ಇದೆ, ಅದರಲ್ಲೇ ಶುರು ಮಾಡಬಹುದಾ? ಗೊತ್ತಿರುವವರು ದಯವಿಟ್ಟು ಹೇಳಿ. ಅವಸರ ಏನೂ ಇಲ್ಲ, ತಪ್ಪು ಮಾಡುವುದು ಬೇಡ ಅಷ್ಟೇ.

ಹವಳದಿಬ್ಬ

ಆ ಸೀಗಡಿ ನನ್ನ ಟ್ಯಾಂಕಿನಲ್ಲೂ ಇದೆ. ನಿಮಗೆ ಯಾಕೆ ಹಾಗಾಯಿತು ಅಂತ ಚೆನ್ನಾಗಿ ಗೊತ್ತು. ಹನ್ನೊಂದು ವರ್ಷದಿಂದ ಉಪ್ಪುನೀರು ನೋಡಿಕೊಳ್ಳುತ್ತಿದ್ದೇನೆ, ಅದಕ್ಕೂ ಮೊದಲು ನಾನೂ ಸಿಹಿನೀರಿನವನೇ.

ಸ್ವಲ್ಪ ಸ್ವಲ್ಪ ಉಪ್ಪು ಸೇರಿಸುವ ದಾರಿ ಬಿಟ್ಟುಬಿಡಿ. ಹಳೇ ಗಾಜಿನೊಳಗೆ ಹೊಸ ಟ್ಯಾಂಕ್ ಕಟ್ಟುತ್ತಿದ್ದೇನೆ ಅಂದುಕೊಂಡು, ಒಂದು ದಿನ ಎಲ್ಲ ಖಾಲಿ ಮಾಡಿ ಮೊದಲಿನಿಂದ ಶುರು ಮಾಡಿ.

ಏಂಜಲ್ ಒಗ್ಗಿಕೊಳ್ಳುವುದಿಲ್ಲ. ಅದರ ಮೈಯಲ್ಲಿರುವ ಉಪ್ಪಿನಂಶ ಸುತ್ತಲಿನ ನೀರಿಗಿಂತ ಜಾಸ್ತಿ. ಹಾಗಾಗಿ ಕಿವಿರಿನ ಮೂಲಕ ನೀರು ತಾನಾಗಿ ಒಳಗೆ ಬರುತ್ತಲೇ ಇರುತ್ತದೆ. ಮೀನು ಅದನ್ನು ತೆಳ್ಳಗಿನ ಮೂತ್ರ ಮಾಡಿ ಹೊರಗೆ ಹಾಕುತ್ತಲೇ ಇರುತ್ತದೆ. ಕಡಲ ಮೀನಿಗೆ ಎಲ್ಲವೂ ತಿರುಗುಮುರುಗು. ಸುತ್ತಲಿನ ಉಪ್ಪುನೀರು ಅದರ ಮೈಯಿಂದ ನೀರನ್ನು ಎಳೆಯುತ್ತದೆ, ಅದಕ್ಕೇ ಅದು ಸಮುದ್ರದ ನೀರನ್ನು ಕುಡಿದು ಜಾಸ್ತಿಯಾದ ಉಪ್ಪನ್ನು ಕಿವಿರಿನಿಂದ ಹೊರಗೆ ತಳ್ಳುತ್ತದೆ. ಮೋಲಿಯಂಥ ಕೆಲವು ಮೀನುಗಳು ಎರಡೂ ಕಡೆ ಬದುಕುತ್ತವೆ. ಏಂಜಲ್, ಕೋರಿಡೋರಾಸ್ ಆ ಪೈಕಿ ಅಲ್ಲ. ನೀವು ಎಷ್ಟೇ ನಿಧಾನ ಮಾಡಿದರೂ ಅವು ಸಾಯುವುದೂ ನಿಧಾನವಾಗುತ್ತದೆ ಅಷ್ಟೇ. ಕೋರಿಡೋರಾಸ್ ಅಂತೂ ಸ್ವಲ್ಪ ಉಪ್ಪಿಗೇ ಒದ್ದಾಡುತ್ತವೆ. ಮೊದಲು ಅವುಗಳಿಗೆ ಒಳ್ಳೆಯ ಮನೆ ಹುಡುಕಿ, ಆಮೇಲೆ ಮಿಕ್ಕಿದ್ದು.

ಬ್ಯಾಕ್ಟೀರಿಯಾ ವಿಷಯಕ್ಕೆ ಬರೋಣ. ಮೀನಿನ ಕಸದಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುವ ಕೆಲಸ ಎರಡೂ ನೀರಿನಲ್ಲಿ ಒಂದೇ. ಮಾಡುವ ಜೀವಿಗಳು ಮಾತ್ರ ಬಹುಮಟ್ಟಿಗೆ ಬೇರೆ. ಪೂರ್ತಿ ಉಪ್ಪಿಗೆ ಬರುವಷ್ಟರಲ್ಲಿ ನಿಮ್ಮ ಹಳೇ ಸ್ಪಂಜಿನ ಬಹುಪಾಲು ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸಿರುತ್ತವೆ, ಸತ್ತ ಗಿಡಗಳು ಕೊಳೆತು ಅಮೋನಿಯಾ ಬಿಡುತ್ತಿರುತ್ತವೆ. ಇನ್ನೊಂದು ಮಾತು ಚೆನ್ನಾಗಿ ನೆನಪಿಡಿ. ಪಿಎಚ್ 7 ಇರುವ ನೀರಿನಲ್ಲಿ ಅಮೋನಿಯಾದ ವಿಷದ ರೂಪ ಶೇ. 1ಕ್ಕಿಂತ ಕಡಿಮೆ. ಉಪ್ಪುನೀರಿನ ಪಿಎಚ್ 8.2ರ ಸುತ್ತಮುತ್ತ ಇರುತ್ತದೆ. ಅಲ್ಲಿ ಅದು ಹತ್ತು ಪಟ್ಟಾಗುತ್ತದೆ. ಸಿಹಿನೀರಿನಲ್ಲಿ ಏನೂ ಆಗದೆ ದಾಟಿಹೋದ ಅಮೋನಿಯಾ ಇಲ್ಲಿ ಮೀನು ಕೊಲ್ಲುತ್ತದೆ. ಹಾಗಾಗಿ ಹೊಸದಾಗಿ ಸೈಕಲ್ ಮಾಡಿ, ಅಂದರೆ ಆ ಬ್ಯಾಕ್ಟೀರಿಯಾ ಮತ್ತೆ ಬೆಳೆಯುವವರೆಗೆ ಕಾಯಿರಿ, ಮೀನಿಲ್ಲದೆ. ನಾಲ್ಕರಿಂದ ಆರು ವಾರ ಹಿಡಿಯಬಹುದು.

ನಿಮ್ಮ ಹತ್ತಿರ ಇರುವ ಅಕ್ವೇರಿಯಂ ಉಪ್ಪು ಬರೀ ಸೋಡಿಯಂ ಕ್ಲೋರೈಡ್. ಕಡಲ ನೀರಿನಲ್ಲಿ ಅದರ ಜೊತೆ ಲೀಟರಿಗೆ ಸುಮಾರು 1,300 ಮಿಲಿಗ್ರಾಂ ಮೆಗ್ನೀಸಿಯಂ, 400ಕ್ಕೂ ಮೇಲೆ ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್, ಬೈಕಾರ್ಬೊನೇಟ್ ಎಲ್ಲ ಇರುತ್ತವೆ. ಸೀಗಡಿ ಪೊರೆ ಬಿಟ್ಟು ಹೊಸ ಚಿಪ್ಪು ಗಟ್ಟಿ ಮಾಡಿಕೊಳ್ಳುವುದು ಇವುಗಳಿಂದಲೇ. ಮರೈನ್ ಸಾಲ್ಟ್ ಮಿಕ್ಸ್ ಅಂತ ಬರೆದಿರುವುದನ್ನೇ ತನ್ನಿ. ಲೀಟರಿಗೆ 35ರಿಂದ 38 ಗ್ರಾಂ ಬೇಕು, ನಿಮ್ಮ 180 ಲೀಟರಿಗೆ ಆರೂವರೆ ಕೆಜಿ ಆಯಿತು. ನೀರಿಗೆ ಉಪ್ಪು ಸುರಿಯಿರಿ, ಉಪ್ಪಿನ ಮೇಲೆ ನೀರು ಸುರಿಯಬೇಡಿ. ಹಾಗೆ ಮಾಡಿದರೆ ಕ್ಯಾಲ್ಸಿಯಂ ಸುಣ್ಣವಾಗಿ ತಳಕ್ಕೆ ಕೂರುತ್ತದೆ, ಆಮೇಲೆ ಎಷ್ಟು ಕಲಕಿದರೂ ಕರಗುವುದಿಲ್ಲ. ಖಾಲಿ ಟ್ಯಾಂಕಿಗೆ ಮೊದಲ ಸಲ ಮಾತ್ರ ಟ್ಯಾಂಕಿನಲ್ಲೇ ಕಲಸಬಹುದು. ಜೀವ ಇರುವಾಗ ಯಾವತ್ತೂ ಬಕೆಟ್ಟಿನಲ್ಲಿ ಕಲಸಿ, ಪಂಪ್ ಮತ್ತು ಹೀಟರ್ ಹಾಕಿ ಒಂದು ದಿನ ಬಿಟ್ಟು ಬಳಸಿ.

ನಲ್ಲಿ ನೀರು ಬೇಡ. ಆರ್‌ಓ ಆದಮೇಲೆ ಉಳಿದ ಲವಣವನ್ನೂ ಹಿಡಿಯುವ ಡಿಐ ರೆಸಿನ್ ದಾಟಿ ಬಂದ, ಟಿಡಿಎಸ್ (ಕರಗಿದ ಲವಣದ ಅಳತೆ) ಸೊನ್ನೆ ತೋರಿಸುವ ನೀರು ಬೇಕು. ಇದರಲ್ಲಿ ಮಾತ್ರ ರಾಜಿ ಮಾಡಿಕೊಳ್ಳಬೇಡಿ. ನಲ್ಲಿ ನೀರಿನ ಫಾಸ್ಫೇಟ್, ಸಿಲಿಕೇಟ್ ಪಾಚಿಗೆ ಹಬ್ಬ.

ಜಲ್ಲಿ, ಮರ, ಗಿಡ ಎಲ್ಲ ಹೊರಗೆ. ತಳಕ್ಕೆ ಅರಗೊನೈಟ್ ಅನ್ನುವ ಸುಣ್ಣದ ಮರಳು, ಮೇಲೆ ಸಮುದ್ರದ ಬಂಡೆ. ಒಣ ಬಂಡೆಯಾದರೂ ನಡೆಯುತ್ತದೆ, ಸೈಕಲ್ ಸ್ವಲ್ಪ ನಿಧಾನವಾಗುತ್ತದೆ. ಬಂಡೆಯನ್ನು ತಳದ ಗಾಜಿನ ಮೇಲೆ ಮೊದಲು ಗಟ್ಟಿಯಾಗಿ ಕೂರಿಸಿ, ಆಮೇಲೆ ಮರಳು ಹಾಕಿ. ಮರಳಿನ ಮೇಲೆ ಇಟ್ಟರೆ ಗೋಬಿ ಮೀನು ಅಥವಾ ಸೀಗಡಿ ಅಡಿಯಲ್ಲಿ ತೋಡಿ ಬಂಡೆ ಕುಸಿಯುತ್ತದೆ. ಹೀಟರ್ ಉಳಿಸಿಕೊಳ್ಳಿ, 25ರಿಂದ 26 ಡಿಗ್ರಿ ಸಾಕು. ಕ್ಯಾನಿಸ್ಟರ್ ಇಟ್ಟುಕೊಂಡರೆ ವಾರವಾರ ಬಿಚ್ಚಿ ತೊಳೆಯಬೇಕು, ಇಲ್ಲದಿದ್ದರೆ ಅದರೊಳಗಿನ ಕಸವೇ ನೈಟ್ರೇಟ್ ಏರಿಸುತ್ತದೆ. ನನ್ನ ಮಾತು ಕೇಳಿದರೆ, ಗುಳ್ಳೆಯಲ್ಲಿ ಕೊಳೆ ಹಿಡಿದು ತೆಗೆಯುವ ಪ್ರೊಟೀನ್ ಸ್ಕಿಮ್ಮರ್ ಒಂದು, ನೀರಿನಲ್ಲಿ ಅಲೆ ಎಬ್ಬಿಸುವ ವೇವ್‌ಮೇಕರ್ ಎರಡು ಹಾಕಿ. ಉಪ್ಪುನೀರಿನಲ್ಲಿ ಆಮ್ಲಜನಕ ಕರಗುವುದು ಕಡಿಮೆ, ನೀರು ಮೇಲೆ ಕೆಳಗೆ ಓಡಾಡುತ್ತಲೇ ಇರಬೇಕು.

ಕೊನೆಯದಾಗಿ ಒಂದು ಪ್ರಶ್ನೆ, ದಯವಿಟ್ಟು ನೆನಪು ಮಾಡಿಕೊಂಡು ಉತ್ತರಿಸಿ. ಈ ಆರು ವರ್ಷದಲ್ಲಿ ಆ ಟ್ಯಾಂಕಿಗೆ ಯಾವುದಾದರೂ ಔಷಧ ಹಾಕಿದ್ದೀರಾ?

ಅಲೆಮನೆ

ಹವಳದಿಬ್ಬ ಅವರು ಹೇಳಿದ್ದಕ್ಕೆ ಒಂದನ್ನು ಸೇರಿಸುತ್ತೇನೆ. ಇದನ್ನು ನನಗೆ ಯಾರಾದರೂ ಮೊದಲೇ ಹೇಳಬೇಕಿತ್ತು.

ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ನನ್ನ ಮೊದಲ ಟ್ಯಾಂಕಿನಲ್ಲಿ ದಿನಾ ಒಂದೂವರೆ ಲೀಟರ್ ಇಳಿಯುತ್ತಿತ್ತು. ನಾನು ಅಷ್ಟೇ ಉಪ್ಪುನೀರು ಕಲಸಿ ತುಂಬಿಸುತ್ತಿದ್ದೆ, ಉಪ್ಪುನೀರಿನ ಟ್ಯಾಂಕ್ ಅಲ್ವಾ ಅಂತ. ಮೂರು ವಾರ ಕಳೆಯುವಷ್ಟರಲ್ಲಿ ಬಸವನಹುಳುಗಳು ಗಾಜು ಬಿಟ್ಟು ಮರಳಿನ ಮೇಲೆ ಬಿದ್ದುಕೊಂಡವು. ಅಳೆದರೆ 41 ಪಿಪಿಟಿ, ಅಂದರೆ ಸಾವಿರ ಪಾಲಿನಲ್ಲಿ 41 ಪಾಲು ಉಪ್ಪು. ಇರಬೇಕಾದ್ದು 35. ಆವಿಯಾದ ಜಾಗಕ್ಕೆ ಬರೀ ಆರ್‌ಓ ನೀರು ಹಾಕಿ. ಗಾಜಿನ ಹೊರಗಡೆ ಪೆನ್ನಿನಲ್ಲಿ ಒಂದು ಗೆರೆ ಎಳೆದಿಟ್ಟರೆ ದಿನಾ ಎಷ್ಟು ಇಳಿಯಿತು ಅಂತ ಗೊತ್ತಾಗುತ್ತದೆ.

ಉಪ್ಪು ಅಳೆಯಲು ರಿಫ್ರಾಕ್ಟೋಮೀಟರ್ ತೆಗೆದುಕೊಳ್ಳಿ, 35 ಪಿಪಿಟಿಯ ದ್ರಾವಣದಲ್ಲಿ ಅದನ್ನು ಸರಿಮಾಡಿಕೊಳ್ಳಿ. ಮುಳ್ಳು ತೂಗುವ ಹೈಡ್ರೋಮೀಟರಿಗೆ ಒಂದು ಗಾಳಿಗುಳ್ಳೆ ಅಂಟಿಕೊಂಡರೂ ಲೆಕ್ಕ ತಪ್ಪುತ್ತದೆ. ನಾನು ಆ ಮೂರು ವಾರ ನಂಬಿಕೊಂಡಿದ್ದು ಅದನ್ನೇ.

ಮತ್ತೆ, ಪ್ಲಗ್ಗಿಗೆ ಹೋಗುವ ಪ್ರತಿ ವೈರೂ ಮೊದಲು ಕೆಳಗೆ ಜೋತುಬಿದ್ದು ಆಮೇಲೆ ಮೇಲೆ ಹತ್ತಬೇಕು. ವೈರಿನ ಮೇಲೆ ಹರಿದು ಬಂದ ನೀರು ಅಲ್ಲೇ ನೆಲಕ್ಕೆ ತೊಟ್ಟಿಕ್ಕಲಿ, ಸಾಕೆಟ್ಟಿಗೆ ಹೋಗುವುದು ಬೇಡ.

ಗಾಜಿನಕೊಳ

ಇಬ್ಬರಿಗೂ ಬಹಳ ಥ್ಯಾಂಕ್ಸ್. ಏಂಜಲ್ ಬಗ್ಗೆ ಓದಿ ಒಂದು ಕ್ಷಣ ಸುಮ್ಮನೆ ಕೂತುಬಿಟ್ಟೆ. ಒಳ್ಳೆಯದೇ ಆಯಿತು, ಕೇಳದೆ ಶುರು ಮಾಡಿದ್ದರೆ ಅದನ್ನು ನಾನೇ ಕೊಲ್ಲುತ್ತಿದ್ದೆ.

ಔಷಧದ ವಿಷಯ. ನಾಲ್ಕು ವರ್ಷದ ಹಿಂದೆ ನಿಯಾನ್ ಟೆಟ್ರಾಗಳಿಗೆ ಬಿಳಿ ಚುಕ್ಕೆ ರೋಗ ಬಂದಿತ್ತು. ಯಾವುದೋ ನೀಲಿ ದ್ರವ ಹಾಕಿದ ನೆನಪು. ಕಪಾಟು ಹುಡುಕಿದೆ, ಬಾಟಲಿ ಸಿಕ್ಕಿತು. ತಳದಲ್ಲಿ ಇನ್ನೂ ಸ್ವಲ್ಪ ಇದೆ. ಲೇಬಲ್ ಮೇಲೆ ಕಾಪರ್ ಸಲ್ಫೇಟ್ ಅಂತ ಬರೆದಿದೆ. ಅಂದರೆ ಮೈಲುತುತ್ತ ಅಲ್ವಾ? ಎರಡು ವಾರ ಹಾಕಿದ್ದೆ. ಆಮೇಲೆ ನಾಲ್ಕು ವರ್ಷ ವಾರವಾರ ನೀರು ಬದಲಿಸಿದ್ದೇನೆ. ಇಷ್ಟೊತ್ತಿಗೆ ಹೋಗಿರುತ್ತದೆ ಅಂತ ತಿಳಿದುಕೊಳ್ಳಬಹುದಾ?

ಹವಳದಿಬ್ಬ

ನಾನು ಕೇಳಿದ್ದು ಇದಕ್ಕೇ, ತಾಮ್ರ ಸೀಗಡಿಗೆ ವಿಷ. ನೀರಿನಿಂದ ಹೋಗಿರುತ್ತದೆ. ಜಲ್ಲಿ, ಸ್ಪಂಜು, ಮರ ಇವುಗಳಿಂದ ಹೋಗಿರುತ್ತದೆ ಅಂತ ಹೇಳಲಾರೆ. ಅವೆಲ್ಲ ಹೇಗೂ ಹೊರಗೆ ಹೋಗುತ್ತವೆ. ಗಾಜು ತಾಮ್ರವನ್ನು ಹೀರಿಕೊಳ್ಳುವುದಿಲ್ಲ, ಹಾಗಾಗಿ ಟ್ಯಾಂಕ್ ಬಿಸಾಡಬೇಡಿ. ಚೆನ್ನಾಗಿ ತೊಳೆದು ಮುಂದುವರಿಯಿರಿ ಅನ್ನುವುದು ನನ್ನ ಅಭಿಪ್ರಾಯ.

ಮೂರನೇಗಾಜು

ಹವಳದಿಬ್ಬ ಅವರ ಮಾತಿಗೆ ನನ್ನ ಗೌರವ ಇದೆ. ಆದರೆ ಇಲ್ಲಿ ಸ್ವಲ್ಪ ನಿಲ್ಲಿ ಅಂತ ಕೇಳಿಕೊಳ್ಳುತ್ತೇನೆ. ಚೆನ್ನಾಗಿ ತೊಳೆದು ಅಂದರೆ ಹೇಗೆ ಅನ್ನುವುದು ಮುಖ್ಯ.

ನಾನು ಒಬ್ಬರು ಬಳಸಿದ ಟ್ಯಾಂಕ್ ತಂದಿದ್ದೆ, ಅದರ ಜೊತೆ ಬಂದ ಬಂಡೆಗಳನ್ನೂ ಇಟ್ಟುಕೊಂಡೆ. ಸೈಕಲ್ ಮುಗಿಯಿತು. ಕ್ಲೌನ್ ಮೀನು ಎರಡು ಬಿಟ್ಟೆ, ಆರಾಮಾಗಿದ್ದವು. ಎರಡು ತಿಂಗಳಾದ ಮೇಲೆ ನೀವು ಹೇಳಿದ ಅದೇ ಸೀಗಡಿ, ಒಂದು ಜೋಡಿ. ಹನಿ ಹನಿ ನೀರು ಬಿಟ್ಟು ಎರಡು ಗಂಟೆ ಒಗ್ಗಿಸಿದೆ. ಮೊದಲ ರಾತ್ರಿ ಚೆನ್ನಾಗಿದ್ದವು. ಮಾರನೇ ಸಂಜೆ ಒಂದು ಮಗ್ಗುಲಾಗಿ ಬಿದ್ದಿತ್ತು. ಈಜಾಡುವ ಸಣ್ಣ ಕಾಲುಗಳು ಮಾತ್ರ ಬಡಿಯುತ್ತಲೇ ಇದ್ದವು, ಮೀಸೆ ಮರಳಿನ ಮೇಲೆ ಚಾಚಿಕೊಂಡಿತ್ತು. ಇನ್ನೊಂದು ಅದರ ಪಕ್ಕದಲ್ಲೇ ನಿಂತಿತ್ತು. ಬೆಳಿಗ್ಗೆಯಷ್ಟರಲ್ಲಿ ಅದೂ ಹೋಯಿತು. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ಉಪ್ಪು 35. ಮೀನುಗಳು ಏನೂ ಆಗದವರ ಹಾಗೆ ಈಜುತ್ತಿದ್ದವು. ತಾಮ್ರದ ಟೆಸ್ಟ್ ಮಾಡಿದಾಗ ತುಂಬಾ ತೆಳುವಾಗಿ ಬಣ್ಣ ಬಂತು. ಹಿಂದಿನವರನ್ನು ಕೇಳಿದರೆ, ಅದರಲ್ಲೇ ಮೀನುಗಳಿಗೆ ತಾಮ್ರದ ಚಿಕಿತ್ಸೆ ಮಾಡಿದ್ದರಂತೆ.

ಕಡಲ ಮೀನಿನ ಬಿಳಿ ಚುಕ್ಕೆಗೆ ಕಾಪರ್ ಸಲ್ಫೇಟ್ ಕೊಡುವಾಗ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ತಾಮ್ರ ಇರುವ ಹಾಗೆ ನೋಡಿಕೊಳ್ಳುತ್ತಾರೆ. ಮೀನು ತಡೆಯುತ್ತದೆ. ಸೀಗಡಿ, ಬಸವನಹುಳು, ಹವಳ ಅದಕ್ಕಿಂತ ಎಷ್ಟೋ ಕಡಿಮೆಗೇ ಸಾಯುತ್ತವೆ. ಸುಣ್ಣದ ಬಂಡೆ ತಾಮ್ರವನ್ನು ಹಿಡಿದಿಟ್ಟುಕೊಂಡು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ ಬಿಡುತ್ತದೆ. ನನ್ನ ಟ್ಯಾಂಕಿನಲ್ಲಿ ಆಗಿದ್ದು ಅದೇ. ನಿಮ್ಮಲ್ಲಿ ಅಂಥ ಬಂಡೆ ಇಲ್ಲ, ಅಷ್ಟು ಒಳ್ಳೆಯದಾಯಿತು.

ನೀವು ಹೀಗೆ ಮಾಡಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಮೂಲೆಗಳ ಸಿಲಿಕೋನ್ ಮೇಲೆ ಕೂತಿರುವ ಪಾಚಿ, ಬಿಳಿ ಕಲೆ ಎಲ್ಲ ಉಜ್ಜಿ ತೆಗೆಯಿರಿ. ಬ್ಲೇಡ್ ಸಿಲಿಕೋನಿಗೆ ತಾಗದಿರಲಿ. ಆಮೇಲೆ ನೀರು ತುಂಬಿ ಬಿಳಿ ವಿನೆಗರ್ ಧಾರಾಳವಾಗಿ ಸೇರಿಸಿ ಒಂದು ರಾತ್ರಿ ಬಿಡಿ. ಹುಳಿಗೆ ಸುಣ್ಣದ ಕಲೆಯೂ ಬಿಡುತ್ತದೆ, ಅದರಲ್ಲಿ ಸೇರಿಕೊಂಡ ತಾಮ್ರವೂ ಬಿಡುತ್ತದೆ. ಹೀಟರ್ ಕೂಡ ಅದರಲ್ಲೇ ಮುಳುಗಿರಲಿ, ಸ್ವಿಚ್ ಹಾಕಬೇಡಿ. ಚೆಲ್ಲಿ, ಮೂರು ನಾಲ್ಕು ಸಲ ತೊಳೆಯಿರಿ. ಬಂಡೆ, ಮರಳು ಹಾಕುವುದಕ್ಕೆ ಮುಂಚೆಯೇ ಇದೆಲ್ಲ ಮುಗಿಯಬೇಕು. ನಂತರ ಬರೀ ಆರ್‌ಓ ನೀರು ತುಂಬಿ ಒಂದು ವಾರ ಪಂಪ್ ಓಡಿಸಿ ತಾಮ್ರ ಅಳೆಯಿರಿ. ಉಪ್ಪು ಹಾಕಿದ ಮೇಲೂ ಇನ್ನೊಮ್ಮೆ ಅಳೆಯಿರಿ. ಮನೆಯಲ್ಲಿ ಮಾಡುವ ಟೆಸ್ಟ್ ಕಿಟ್ ತೀರಾ ಸಣ್ಣ ಪ್ರಮಾಣವನ್ನು ಹಿಡಿಯುವುದಿಲ್ಲ, ಅದಕ್ಕೆ ತಾಮ್ರ ಹೀರುವ ರೆಸಿನ್ ಒಂದು ಚೀಲ ಮೊದಲ ದಿನದಿಂದಲೇ ನೀರಿನ ಹರಿವಿನಲ್ಲಿ ಇಟ್ಟುಬಿಡಿ. ತಾಮ್ರ ಸಿಕ್ಕಿದರೆ ಅದು ನೀಲಿ ಹಸಿರಿಗೆ ತಿರುಗುತ್ತದೆ, ಕಣ್ಣಿಗೇ ಕಾಣುತ್ತದೆ.

ಕ್ಯಾನಿಸ್ಟರಿನ ಹಳೇ ಸ್ಪಂಜು ಏಂಜಲ್ ಜೊತೆಗೇ ಹೋಗಲಿ. ಅದರ ಬ್ಯಾಕ್ಟೀರಿಯಾ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಆ ಟ್ಯಾಂಕಿನಲ್ಲಿ ಸೀಗಡಿ, ಬಸವನಹುಳು ಇಲ್ಲ ಅನ್ನುವುದನ್ನು ಮಾತ್ರ ಕೇಳಿಕೊಳ್ಳಿ.

ಹವಳದಿಬ್ಬ

ಒಪ್ಪಿದೆ. ಮೂರನೇಗಾಜು ಅವರು ಹೇಳಿದ ಹಾಗೇ ಮಾಡಿ, ಒಂದು ವಾರ ಜಾಸ್ತಿ ಹೋದರೂ ಪರವಾಗಿಲ್ಲ. ಇನ್ನು ಮುಂದೆ ಮೀನಿಗೆ ಔಷಧ ಕೊಡಬೇಕಾಗಿ ಬಂದರೆ ಬೇರೆ ಸಣ್ಣ ಟ್ಯಾಂಕಿನಲ್ಲೇ ಕೊಡಿ. ಅದರ ಬಲೆ, ಬಕೆಟ್, ಪೈಪು ಎಲ್ಲ ಬೇರೆ ಇರಲಿ. ಹೊಸ ಮೀನು ಯಾವುದೇ ಬಂದರೂ ಮೊದಲು ಕೆಲವು ವಾರ ಅಲ್ಲೇ ಇರಲಿ.

ಕಪ್ಪುಮೋಲಿ

ನನ್ನ ಹತ್ತಿರ ಮೋಲಿ ಇವೆ, ಉಪ್ಪಿಗೆ ಒಗ್ಗುತ್ತವೆ ಅಂತ ಮೇಲೆ ಓದಿದೆ. ಅವನ್ನೇ ಬಿಟ್ಟು ಸೈಕಲ್ ಮಾಡಿಕೊಳ್ಳಬಹುದಲ್ವಾ?

ಹವಳದಿಬ್ಬ

ಉಪ್ಪನ್ನು ತಡೆಯುತ್ತವೆ, ಅಮೋನಿಯಾವನ್ನು ಅಲ್ಲ. ವಾರಗಟ್ಟಲೆ ಕಿವಿರು ಸುಟ್ಟುಕೊಂಡು ಬದುಕಬೇಕಾಗುತ್ತದೆ ಪಾಪ. ಸುವಾಸನೆ, ಸೋಪು ಬೆರೆಸದ ಅಮೋನಿಯಂ ಕ್ಲೋರೈಡ್ ದ್ರಾವಣ ಸಿಗುತ್ತದೆ, ಅಮೋನಿಯಾ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಬರುವಷ್ಟು ಹಾಕಿದರೆ ಆಯಿತು. ಅದು 24 ಗಂಟೆಯಲ್ಲಿ ಸೊನ್ನೆಯಾಗಬೇಕು, ನೈಟ್ರೈಟ್ ಕೂಡ ಸೊನ್ನೆಯಾಗಬೇಕು. ಆಗ ಸೈಕಲ್ ಮುಗಿದ ಹಾಗೆ.

ಗಾಜಿನಕೊಳ

ಒಂಬತ್ತು ವಾರ ಆಯಿತು, ಹೇಗಾಯಿತು ಅಂತ ಹೇಳಿಬಿಡುತ್ತೇನೆ.

ಏಂಜಲ್ ಮತ್ತು ಕೋರಿಡೋರಾಸ್ ಸ್ನೇಹಿತರ ಸಿಹಿನೀರಿನ ಟ್ಯಾಂಕಿಗೆ ಹೋದವು, ಸ್ಪಂಜಿನ ಸಮೇತ. ಅಲ್ಲಿ ಸೀಗಡಿ ಇಲ್ಲ, ಕೇಳಿಯೇ ಕಳಿಸಿದೆ. ಹೋದ ವಾರ ನೋಡಿಕೊಂಡು ಬಂದೆ, ಏಂಜಲ್ ಒಂದು ಮೂಲೆಯನ್ನು ತನ್ನದು ಮಾಡಿಕೊಂಡಿದೆ.

ಟ್ಯಾಂಕನ್ನು ವಿನೆಗರಿನಲ್ಲಿ ಎರಡು ರಾತ್ರಿ ಇಟ್ಟೆ. ಮೂರು ಸಲ ತಾಮ್ರ ಅಳೆದೆ: ಆರ್‌ಓ ನೀರಿನಲ್ಲಿ, ಉಪ್ಪು ಹಾಕಿದ ಮೇಲೆ, ಬಂಡೆ ಇಟ್ಟು ಒಂದು ತಿಂಗಳಾದ ಮೇಲೆ. ಮೂರು ಸಲವೂ ಬಣ್ಣ ಬರಲಿಲ್ಲ. ರೆಸಿನ್ ಚೀಲ ಈಗಲೂ ಮೊದಲಿನ ಬಣ್ಣದಲ್ಲೇ ಇದೆ. ಒಣ ಬಂಡೆ 18 ಕೆಜಿ ಹಾಕಿದೆ. ಸೈಕಲ್ ಮುಗಿಯಲು 41 ದಿನ ಹಿಡಿಯಿತು. ನೈಟ್ರೈಟ್ ಟೆಸ್ಟ್ ಹತ್ತೊಂಬತ್ತು ದಿನ ನೇರಳೆ ಬಣ್ಣದಲ್ಲೇ ನಿಂತಿತ್ತು, ಆಮೇಲೆ ಒಂದೇ ರಾತ್ರಿಯಲ್ಲಿ ಇಳಿಯಿತು. ಮೂರನೇ ವಾರದಿಂದ ಮರಳು, ಗಾಜು ಎಲ್ಲ ಕಂದು ಪುಡಿ. ಡಯಾಟಮ್ ಅನ್ನುವ ಪಾಚಿ ಅಂತ ಓದಿಕೊಂಡಿದ್ದೆ, ಹಾಗಾಗಿ ಕೈ ಹಾಕಲಿಲ್ಲ.

ತಾಮ್ರ ಇದೆಯಾ ಅಂತ ನೋಡಲು ಬಸವನಹುಳುವನ್ನು ಪರೀಕ್ಷೆಗೆ ಬಿಡಲು ಮನಸ್ಸು ಒಪ್ಪಲಿಲ್ಲ. ಮೂರು ಟೆಸ್ಟೂ ಸರಿ ಬಂದ ಮೇಲೆ, ಇಲ್ಲೇ ಇರಲಿ ಅಂತ ಎರಡು ಟ್ರೋಕಸ್ ಬಸವನಹುಳು ತಂದೆ. ಹತ್ತು ದಿನ ಆಯಿತು. ರಾತ್ರಿ ದೀಪ ಆರಿದ ಮೇಲೆ ಟಾರ್ಚ್ ಹಿಡಿದು ನೋಡಿದರೆ ಗಾಜಿಗೆ ಅಂಟಿಕೊಂಡ ಅದರ ಬಾಯಿ ಕಾಣುತ್ತದೆ, ತೆರೆದು ಮುಚ್ಚಿ ತೆರೆದು ಮುಚ್ಚಿ. ಬೆಳಿಗ್ಗೆ ನೋಡಿದರೆ ಕಂದು ಗಾಜಿನ ಮೇಲೆ ಸೊಟ್ಟಸೊಟ್ಟ ಸ್ವಚ್ಛ ದಾರಿ. ಒಂದು ಹುಳು ನಿನ್ನೆ ಪೂರ್ತಿ ಮುಂದಿನ ಗಾಜನ್ನು ದಾಟಿತು, 120 ಸೆಂಟಿಮೀಟರ್.

ಕ್ಲೌನ್ ಜೋಡಿ ಪಕ್ಕದ ಸಣ್ಣ ಟ್ಯಾಂಕಿನಲ್ಲಿ ಕ್ವಾರಂಟೈನಿನಲ್ಲಿದೆ. ಸೀಗಡಿ ಇನ್ನೂ ಎರಡು ತಿಂಗಳು ಬಿಟ್ಟು. ಜಾಗ ಮಾತ್ರ ಮಾಡಿಟ್ಟಿದ್ದೇನೆ, ಎಡಗಡೆ ಎರಡು ಬಂಡೆಯ ನಡುವೆ, ನನ್ನ ಕೈ ಸುಲಭವಾಗಿ ತಲುಪುವಷ್ಟು ಮೇಲೆ.

ಒಂದು ಸಣ್ಣ ಅನುಮಾನ. ಮುಚ್ಚಳದ ಅಂಚಿನಲ್ಲಿ, ಸ್ಕಿಮ್ಮರಿನ ವೈರಿನ ಮೇಲೆ ಬಿಳಿ ಹರಳು ಬೆಳೆಯುತ್ತಿದೆ. ಏನಾದರೂ ಸೋರುತ್ತಿದೆಯಾ?

ಅಲೆಮನೆ

ಸೋರುವುದಲ್ಲ. ಗುಳ್ಳೆ ಒಡೆದು ಚಿಮ್ಮಿದ ಹನಿ ಒಣಗಿ ಉಪ್ಪು ಕೂರುತ್ತಿದೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ. ವೈರಿನ ಮೇಲಿನದನ್ನು ಮಾತ್ರ ಇವತ್ತೇ ಒರೆಸಿ, ಸ್ವಿಚ್ ಆರಿಸಿ. ಉಪ್ಪು ವೈರಿನುದ್ದಕ್ಕೂ ತೆವಳುತ್ತಾ ಪ್ಲಗ್ಗಿನವರೆಗೂ ಬರುತ್ತದೆ.